ನಾಲ್ಕು ವರ್ಷ ಕೂತು ನೋಡಿದ್ದು: ಬರೆಯುವ ಜಾಗವಾಗಿ ನಮ್ಮ ಬಡಾವಣೆಯ ಗ್ರಂಥಾಲಯ

ಮನೆಯಲ್ಲಿ ಕೂತು ಬರೆಯುವವಳು ಸದಾ ಬಿಡುವಾಗಿಯೇ ಇರುತ್ತಾಳೆ ಎಂಬುದು ಸುತ್ತಲಿನವರ ಗಟ್ಟಿ ನಂಬಿಕೆ. ನಾನು ಅನುವಾದಕಿ. ಗ್ಯಾಸ್ ಸಿಲಿಂಡರ್‌ಗೆ ಬಾಗಿಲು ತೆಗೆಯುವುದು, ಎದುರುಮನೆಯವರ ಕೊರಿಯರ್ ಇಸಿದುಕೊಳ್ಳುವುದು, ನೀರು ಬಂತೇ ಎಂದು ಸಂಪಿನ ಮುಚ್ಚಳ ಎತ್ತಿ ನೋಡುವುದು ಎಲ್ಲ ನನ್ನ ಪಾಲಿಗೇ. ಒಂದು ವಾಕ್ಯ ಕರ್ತೃಪದದಿಂದ ಹೊರಟು ಕ್ರಿಯಾಪದ ಸೇರುವಷ್ಟರಲ್ಲಿ ಕುಕ್ಕರ್ ಮೂರು ಸಲ ಕೂಗಿರುತ್ತಿತ್ತು.

ದರ್ಶಿನಿಗಳಲ್ಲಿ ಕೂರುವ ಪ್ರಶ್ನೆಯೇ ಇಲ್ಲ. ಕೂರಿಸುವ ಹೋಟೆಲಿನಲ್ಲಿ ಬಿಲ್ಲು ಮೇಜಿಗೆ ಬಂದ ಮೇಲೂ ಪೆನ್ನು ಹಿಡಿದಿರಲು ಮುಜುಗರ. ತಿಂಗಳಿಗೆ 6,500 ರೂಪಾಯಿ ಕೊಟ್ಟು ಹಲವರು ಹಂಚಿಕೊಂಡು ಕೆಲಸ ಮಾಡುವ ಕಚೇರಿಯೊಂದರಲ್ಲಿ (ಕೋ-ವರ್ಕಿಂಗ್) ಮೇಜು ಹಿಡಿದೆ. ಹವಾನಿಯಂತ್ರಣ, ಗಾಜಿನ ಗೋಡೆ, ಬೇಕಾದಷ್ಟು ಕಾಫಿ, ಜೊತೆಗೆ ನಾಲ್ಕೂ ಕಡೆ ಫೋನಿನಲ್ಲಿ ಏನನ್ನೋ ಮಾರುವವರು. ಎರಡೇ ತಿಂಗಳಿಗೆ ಬಿಟ್ಟೆ.

2021ರ ಕೊನೆಯಿಂದ ನಾನು ಕೂರುತ್ತಿರುವುದು ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲಿ. ಇದನ್ನು ಎಲ್ಲರೂ ಉಚಿತ ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಅಂದರೆ ಕುರ್ಚಿಯ ಬಾಡಿಗೆಯನ್ನು ಊರು ಆಗಲೇ ಕಟ್ಟಿದೆ. ಕೂತು ಓದಲು ಸದಸ್ಯತ್ವವೂ ಬೇಡ, ಮನೆಗೆ ಪುಸ್ತಕ ಒಯ್ಯುವುದಕ್ಕಷ್ಟೇ ಠೇವಣಿ.

ಇಲ್ಲಿ ನನ್ನನ್ನು ಬರೆಯುವಂತೆ ಮಾಡಿದ್ದು ಮೌನವಲ್ಲ. ಮೌನ ಇಲ್ಲವೇ ಇಲ್ಲ: ಪತ್ರಿಕೆ ವಿಭಾಗದ ಹಿರಿಯರು ರಾಜಕೀಯವನ್ನು ಪಿಸುಮಾತಿನಲ್ಲಿ ಆರಂಭಿಸಿದರೂ ಪಿಸುಮಾತಿನಲ್ಲಿ ಮುಗಿಸುವುದಿಲ್ಲ. ಮಾಡಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲಿರುತ್ತಾರೆ. ಎಫ್‌ಡಿಎ, ಪಿಎಸ್‌ಐ, ಕೆಎಎಸ್, ಯಾವುದಕ್ಕೆ ಅಧಿಸೂಚನೆ ಬಂದರೂ ಅರ್ಜಿ ಹಾಕಿ, ಅದು ಮುಂದೆ ಹೋದರೆ ಇನ್ನೊಂದಕ್ಕೆ ಓದುತ್ತಾರೆ. ಎದುರಿನ ಹುಡುಗಿ ಸಂವಿಧಾನದ ವಿಧಿಗಳನ್ನು ತುಟಿ ಅಲುಗಿಸುತ್ತ ಉರು ಹೊಡೆಯುತ್ತಿದ್ದರೆ, ಕಿಟಕಿಯಾಚೆ ನೋಡುತ್ತ ಕೂರಲು ನನಗೇ ನಾಚಿಕೆ. ಮನೆಯಲ್ಲಿ ದಿನಕ್ಕೆ ಎರಡು ಪುಟ ಆದರೆ ಹೆಚ್ಚು ಎನ್ನುತ್ತಿದ್ದವಳು ಇಲ್ಲಿ ಐದು ಮುಗಿಸುತ್ತೇನೆ.

ಪರಾಮರ್ಶನ ವಿಭಾಗದ ಕಪಾಟಿನ ಪಕ್ಕದ ಮೇಜು ನನ್ನದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕೈಗೆಟಕುವಷ್ಟೇ ದೂರ. ಒಂದು ಪದ ನೋಡಲು ಹೋಗಿ ಅದರ ನೆರೆಹೊರೆಯ ಇಪ್ಪತ್ತು ಪದಗಳನ್ನು ಮಾತನಾಡಿಸಿ ಬಂದ ದಿನಗಳೂ ಉಂಟು. ಅದನ್ನು ದುಡಿಮೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದೇನೆ.

ದೂರುಗಳಿವೆ. ಶೌಚಾಲಯಕ್ಕೆ ಬೀಗ, ಬೀಗದ ಕೈ ಸಹಾಯಕರ ಬಳಿ, ಸಹಾಯಕರು ಚಹಾಕ್ಕೆ. ಹೆಂಗಸರಿಗೆ ಇದು ಸಣ್ಣ ಕೊರತೆಯಲ್ಲ. ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ, ಆಮೇಲೆ ವೈದ್ಯರಿಂದ ಬೈಸಿಕೊಂಡೆ. ಏಪ್ರಿಲ್‌ನಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಸೋಮವಾರ ಹಾಗೂ ಎರಡನೇ ಮಂಗಳವಾರ ರಜೆ, ಹೊಸಬರು ಬಾಗಿಲು ಮುಟ್ಟಿ ವಾಪಸಾಗುತ್ತಾರೆ. ಲ್ಯಾಪ್‌ಟಾಪ್ ಬೇಕೇ ಬೇಕೆನ್ನುವವರು ಬರಲೇಬೇಡಿ: ಇಡೀ ಕೊಠಡಿಗೆ ಕೆಲಸ ಮಾಡುವ ಪ್ಲಗ್ ಒಂದೇ, ಅದರಲ್ಲಿ ಯಾವಾಗಲೂ ಯಾರದೋ ಮೊಬೈಲ್. ಹೀಗಾಗಿ ಮೊದಲ ಕರಡನ್ನು ಕೈಯಲ್ಲೇ ಬರೆದು ರಾತ್ರಿ ಮನೆಯಲ್ಲಿ ಬೆರಳಚ್ಚು ಮಾಡುತ್ತೇನೆ. ಒಂದೇ ಕೆಲಸ ಎರಡು ಸಲ, ನಿಜ. ಆದರೆ ಬೆರಳಚ್ಚು ಮಾಡುವಾಗ ತಪ್ಪಿದ ಲಯ ಕಿವಿಗೆ ಬೀಳುತ್ತದೆ.

ಐದರಲ್ಲಿ ಮೂರೂವರೆ ಅಂಕ. ಶೌಚಾಲಯದ ಬೀಗ ತೆಗೆದರೆ ನಾಲ್ಕು.

ಸಲಹಾ ಪುಸ್ತಕದಲ್ಲಿ ಆ ಬೀಗದ ಬಗ್ಗೆ ಮೂರು ಸಲ ಬರೆದಿದ್ದೇನೆ. ಮೂರನೆಯದರ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ‘ನಂದೂ ಇದೇ’ ಎಂದು ಸೇರಿಸಿದ್ದರು. ಕಳೆದ ವಾರ ನೋಡಿದಾಗ ಅದರ ಕೆಳಗೆ ಇನ್ನೂ ಆರು ಸಹಿಗಳಿದ್ದವು.