ಟರ್ಕಿ ಪ್ಯಾಕೇಜ್ ಟೂರ್: ಅಂಕಾರಾವನ್ನು ಊಟದ ಸ್ಟಾಪ್ ಮಾಡಬೇಡಿ

ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಶಿವಮೊಗ್ಗ ಕಡೆಯಿಂದ ಹೋಗುವವರಿಗೆ ಉಪಯೋಗ ಆಗಲಿ.

ಹನ್ನೊಂದು ಜನ ಹೋಗಿದ್ದೆವು. ಇಲ್ಲಿನದೇ ಒಂದು ಏಜೆನ್ಸಿ, ಹೆಸರು ಬೇಡ. ವೀಸಾ, ವಿಮಾನ, ಹೋಟೆಲು ಯಾವುದರಲ್ಲೂ ತೊಂದರೆ ಆಗಲಿಲ್ಲ. ಊಟಕ್ಕೂ ನಮ್ಮಂಥ ಸಸ್ಯಾಹಾರಿಗಳು ಅಷ್ಟು ಹೆದರಬೇಕಿಲ್ಲ. ಬೇಳೆ ಸೂಪು, ಬ್ರೆಡ್ಡು, ಮೊಸರು ಎಲ್ಲ ಕಡೆ ಸಿಗುತ್ತದೆ. ಜೊತೆಗೆ ಚಿಕ್ಕಮ್ಮನ ಮಾವಿನ ಮಿಡಿ ಉಪ್ಪಿನಕಾಯಿ ಇತ್ತು. ಇಸ್ತಾಂಬುಲ್, ಕಪ್ಪಡೋಕಿಯಾದ ಬಲೂನು, ಎಲ್ಲ ಚೆನ್ನಾಗಿತ್ತು.

ತಕರಾರು ಇರುವುದು ಅಲ್ಲಿನ ರಾಜಧಾನಿ ಅಂಕಾರಾ ಬಗ್ಗೆ. ಪಟ್ಟಿಯಲ್ಲಿ "ಅಂಕಾರಾ ದರ್ಶನ" ಅಂತ ಬರೆದಿದ್ದರು. ಅಲ್ಲಿಗೆ ಹೋದ ಮೇಲೆ ನೋಡಿದರೆ ಕಪ್ಪಡೋಕಿಯಾ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿ, ಟರ್ಕಿ ಗಣರಾಜ್ಯ ಕಟ್ಟಿದ ಅತಾತುರ್ಕ್ ಸಮಾಧಿ ಇರುವ ಅನಿತ್‌ಕಬಿರ್‌ನಲ್ಲಿ ಮುಕ್ಕಾಲು ಗಂಟೆ ಬಿಟ್ಟು, ಮತ್ತೆ ಬಸ್ಸು ಹತ್ತಿಸುವುದು, ಅಷ್ಟೇ. ಸಾಲಾಗಿ ಇಪ್ಪತ್ನಾಲ್ಕು ಕಲ್ಲಿನ ಸಿಂಹಗಳಿರುವ ಆ ಉದ್ದನೆಯ ದಾರಿಯನ್ನು ನೆಟ್ಟಗೆ ನಡೆಯಲೂ ಸಮಯ ಸಿಗಲಿಲ್ಲ.

ನಮ್ಮ ಚಿಕ್ಕಪ್ಪ ಶಿಕಾರಿಪುರದವರು, ರಿಟೈರ್ಡ್ ಮೇಷ್ಟ್ರು. ಅವರು ಬಸ್ಸು ಹತ್ತಲೇ ಇಲ್ಲ. ಹಳೇ ಪಾರ್ಲಿಮೆಂಟು ನೋಡದೆ ಬರುವುದಿಲ್ಲ ಅಂತ ಕೂತುಬಿಟ್ಟರು. ಅಲ್ಲಿನ ಗೈಡ್ ಹೆಣ್ಣುಮಗಳು ಪುಣ್ಯಾತ್ಗಿತ್ತಿ, ಮುಂದಿನ ಊರಿನ ಕಾರ್ಪೆಟ್ ಅಂಗಡಿ ಬಿಡಿಸಿ ನಮ್ಮನ್ನು ಆ ಪಾರ್ಲಿಮೆಂಟು ಇರುವ ಉಲುಸ್ ಅನ್ನುವ ಬಡಾವಣೆಗೆ ಕರೆದುಕೊಂಡು ಹೋದಳು. ಇಡೀ ಪ್ರವಾಸದಲ್ಲಿ ನನಗೆ ಮನಸ್ಸಲ್ಲಿ ಉಳಿದಿದ್ದು ಆ ಒಂದೂವರೆ ಗಂಟೆ.

ಸಣ್ಣ ಕಲ್ಲಿನ ಕಟ್ಟಡ ಅದು. ಈಗ ಮ್ಯೂಸಿಯಂ. ಒಳಗೆ ಸಭಾಂಗಣದಲ್ಲಿ ಸದಸ್ಯರು ಕೂರುತ್ತಿದ್ದ ಜಾಗ ನೋಡಿದರೆ ಶಾಲೆಯ ಡೆಸ್ಕುಗಳು! ಚಿಕ್ಕಪ್ಪ ನನ್ನ ಕೈ ಹಿಡಿದುಕೊಂಡು, "ಮಗಾ, ನಮ್ಮ ಸ್ಕೂಲಿನ ಬೆಂಚಲ್ವಾ ಇದು" ಅಂದರು. ಅವರ ಕಣ್ಣು ತುಂಬಿತ್ತು. 1920ರ ಏಪ್ರಿಲ್ 23, ಶುಕ್ರವಾರ. ಇಸ್ತಾಂಬುಲ್ ಪರದೇಶದ ಸೈನ್ಯದ ಕೈಯಲ್ಲಿತ್ತು. ಹತ್ತಿರದ ಹಾಜಿ ಬೈರಾಮ್ ಮಸೀದಿಯಲ್ಲಿ ನಮಾಜು ಮುಗಿಸಿ ಬಂದ ಅತಾತುರ್ಕ್ ಮತ್ತು ಜೊತೆಗಾರರು ಇಲ್ಲಿ ಹೊಸ ಪಾರ್ಲಿಮೆಂಟಿನ ಸಭೆ ಶುರು ಮಾಡಿದರು. ಮುಂದಿನ ವರ್ಷವೇ, ಸುಲ್ತಾನ ಇನ್ನೂ ಅರಮನೆಯಲ್ಲಿ ಕೂತಿರುವಾಗಲೇ, ಅಧಿಕಾರ ಯಾವ ಷರತ್ತೂ ಇಲ್ಲದೆ ಜನರದ್ದು ಅಂತ ಸಂವಿಧಾನದಲ್ಲಿ ಬರೆದರು.

ಚಿಕ್ಕಪ್ಪನಿಗೆ ಈಸೂರು ನೆನಪಾಗಿತ್ತು. ಅವರ ತಾಲೂಕಿನದೇ ಊರು. 1942ರಲ್ಲಿ ಬ್ರಿಟಿಷರ ಮಾತು ಕೇಳುವುದಿಲ್ಲ ಅಂತ ತಮ್ಮದೇ ಸರ್ಕಾರ ಮಾಡಿಕೊಂಡು, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿದ ಹಳ್ಳಿ. ಮರುವರ್ಷ ಐದು ಜನರನ್ನು ಗಲ್ಲಿಗೆ ಹಾಕಿದರು. ಇಲ್ಲದ ಅಧಿಕಾರವನ್ನು ಇದೆ ಅಂತ ಎದೆ ತಟ್ಟಿ ಹೇಳುವುದಕ್ಕೆ ಎಂಥ ಧೈರ್ಯ ಬೇಕು ಅಂತ ಆ ಡೆಸ್ಕಿನ ಮುಂದೆ ನಿಂತಾಗ ಗೊತ್ತಾಗುತ್ತದೆ.

ಆಮೇಲೆ ಎಲ್ಲ ಬಹಳ ಬೇಗ ನಡೆಯಿತು. 1922ರಲ್ಲಿ ಸುಲ್ತಾನಗಿರಿ ಹೋಯಿತು, 1923ರ ಅಕ್ಟೋಬರ್ 29ಕ್ಕೆ ಗಣರಾಜ್ಯ ಬಂತು. 1924ರ ಮಾರ್ಚ್ 3ರಂದು ಖಲೀಫನ, ಅಂದರೆ ಮುಸ್ಲಿಮರ ಧಾರ್ಮಿಕ ಮುಖ್ಯಸ್ಥನ, ಪದವಿಯೇ ರದ್ದಾಯಿತು. ಅದೇ ಪದವಿ ಉಳಿಸಲು ನಮ್ಮಲ್ಲಿ ಗಾಂಧೀಜಿ ಸೇರಿ ಎಷ್ಟೋ ಜನ ಖಿಲಾಫತ್ ಚಳವಳಿ ಮಾಡಿದ್ದರು, ಅಲ್ವಾ. ಆ ಕೊನೆಯ ಖಲೀಫನ ಮಗಳು ಮುಂದೆ ಹೈದರಾಬಾದ್ ನಿಜಾಮರ ಸೊಸೆಯಾದಳು. 1926ರಲ್ಲಿ ಸ್ವಿಟ್ಜರ್ಲೆಂಡ್ ಮಾದರಿಯ ಮದುವೆ, ಆಸ್ತಿ ಕಾನೂನು. 1934ರಲ್ಲಿ ಹೆಂಗಸರಿಗೆ ಪಾರ್ಲಿಮೆಂಟ್ ಓಟು. ಫ್ರಾನ್ಸ್‌ನ ಹೆಂಗಸರಿಗೆ ಅದು ಸಿಕ್ಕಿದ್ದು 1944ರಲ್ಲಿ. 1937ರಲ್ಲಿ "ಲಾಯಿಕ್", ಅಂದರೆ ಧರ್ಮಕ್ಕೆ ಸೇರದ ರಾಜ್ಯ, ಅನ್ನುವ ಮಾತು ಸಂವಿಧಾನಕ್ಕೆ ಬಂತು.

1928ರಲ್ಲಿ ಲಿಪಿಯನ್ನೂ ಬದಲಾಯಿಸಿದರು. ಅರಬ್ಬಿ ಅಕ್ಷರ ಬಿಟ್ಟು ರೋಮನ್ ಅಕ್ಷರ. ತನ್ನ ಮುತ್ತಜ್ಜನ ಕಾಗದಗಳು ಮನೆಯಲ್ಲಿವೆ, ಒಂದು ಸಾಲೂ ಓದಲು ಬರುವುದಿಲ್ಲ ಅಂತ ಗೈಡ್ ಹೇಳಿದಳು. ನಮ್ಮ ಅಟ್ಟದ ಪೆಟ್ಟಿಗೆಯಲ್ಲೂ ಮೋಡಿ ಅನ್ನುವ ಹಳೇ ಕಾಲದ ಲಿಪಿಯ ಕಡತಗಳಿವೆ, ಓದುವವರಿಲ್ಲ. ಅವಳ ಸಂಕಟ ಅರ್ಥವಾಯಿತು. ಆದರೆ ಹೊಸ ಅಕ್ಷರದಿಂದಲೇ ಅಜ್ಜಿ ಓದು ಕಲಿತದ್ದು ಅಂತ ಅವಳೇ ಸೇರಿಸಿದಳು.

ಧರ್ಮವನ್ನು ದೂರ ಇಟ್ಟರು ಅಂತ ನಾವು ಓದಿರುತ್ತೇವೆ. ಪೂರ್ತಿ ಹಾಗಲ್ಲ. ನಮ್ಮ ಮುಜರಾಯಿ ಇಲಾಖೆಗಿಂತ ಎಷ್ಟೋ ದೊಡ್ಡದಾದ ದಿಯಾನೆತ್ ಅನ್ನುವ ಇಲಾಖೆ ಅಲ್ಲಿದೆ, ಇಮಾಮರಿಗೆ ಸಂಬಳ ಸರ್ಕಾರದ್ದು. ಒಂದು ಕಾಲದಲ್ಲಿ ಮಸೀದಿಯ ಕೂಗನ್ನೂ ಅರಬ್ಬಿ ಬಿಟ್ಟು ಟರ್ಕಿ ಭಾಷೆಯಲ್ಲೇ ಕೂಗಬೇಕಿತ್ತು. ಅತಾತುರ್ಕ್ ಅವರ ಪಕ್ಷ ಬೇರೆ ಪಕ್ಷಗಳನ್ನು ಬೆಳೆಯಲು ಬಿಡಲಿಲ್ಲ. 1930ರಲ್ಲಿ ಹುಟ್ಟಿದ ಒಂದು ಪಕ್ಷ ಕೆಲವೇ ತಿಂಗಳಲ್ಲಿ ಮುಚ್ಚಿತು. ಜನ ಓಟು ಹಾಕಿ ಸರ್ಕಾರ ಬದಲಾಯಿಸಿದ್ದು 1950ರಲ್ಲಿ, ಗೆದ್ದವರು ಮರು ತಿಂಗಳೇ ಅರಬ್ಬಿ ಕೂಗಿಗೆ ಅವಕಾಶ ಕೊಟ್ಟರು. ನನಗೆ ಅನ್ನಿಸುವುದು ಇಷ್ಟು: ಆ ಸುಧಾರಣೆಗಳು ಬೇಕಿತ್ತು, ಆದರೆ ಜನರನ್ನು ಕೇಳಿ ಮಾಡಿದ್ದರೆ ಬೇರು ಇನ್ನೂ ಆಳಕ್ಕೆ ಹೋಗುತ್ತಿತ್ತು. ಚಿಕ್ಕಪ್ಪ ಒಪ್ಪುವುದಿಲ್ಲ. ಆ ಕಾಲದಲ್ಲಿ ಕೇಳುತ್ತಾ ಕೂತಿದ್ದರೆ ಹೆಣ್ಣುಮಕ್ಕಳಿಗೆ ಏನೂ ಸಿಗುತ್ತಿರಲಿಲ್ಲ ಅಂತ ಅವರ ವಾದ. ಬಸ್ಸಿನಲ್ಲಿ ರಾತ್ರಿವರೆಗೂ ಇದೇ ಮಾತು ನಡೆಯಿತು, ಗೈಡ್ ಕೂಡ ಸೇರಿಕೊಂಡಳು.

ಹೋಗುವವರು ದುಡ್ಡು ಕಟ್ಟುವ ಮೊದಲು ಉಲುಸ್‌ನಲ್ಲಿ ಎಷ್ಟು ಹೊತ್ತು ಅಂತ ಕೇಳಿ, ಪಟ್ಟಿಯಲ್ಲಿ ಬರೆಸಿಕೊಳ್ಳಿ. ಕಾರ್ಪೆಟ್ ಅಂಗಡಿ ಬೇಡ ಅಂತಲೂ ಹೇಳಿ. ವಾಪಸ್ ಬಂದ ಮೇಲೆ ನಾನೂ ಚಿಕ್ಕಪ್ಪನೂ ಏಜೆನ್ಸಿಗೆ ಹೋಗಿ ಮಾತಾಡಿದೆವು. ಮುಂದಿನ ತಂಡಕ್ಕೆ ಅಂಕಾರಾದಲ್ಲಿ ಒಂದು ರಾತ್ರಿ ಸೇರಿಸುತ್ತೇವೆ ಅಂದಿದ್ದಾರೆ. ಸೇರಿಸಿದ ದಿನ ನಾಲ್ಕನೇ ಸ್ಟಾರ್ ಹಾಕುತ್ತೇನೆ.