ಅಲ್ಯೂಮಿನಿಯಂ ಸ್ಪ್ರೇ ಮಾಡಿಸಿದ ನಿಕಲ್ ತಗಡನ್ನು ಕುಲುಮೆಗೆ ಕೊಡುವ ಮುನ್ನ

ನೀರಿನಿಂದ ಹೈಡ್ರೋಜನ್ ತೆಗೆಯುವ ಕ್ಷಾರೀಯ ಘಟಕದ ಎಲೆಕ್ಟ್ರೋಡುಗಳಿಗಾಗಿ ನಾವು ನಿಕಲ್ ತಗಡುಗಳಿಗೆ ಅಲ್ಯೂಮಿನಿಯಂ ಸ್ಪ್ರೇ ಮಾಡಿಸಿ, ಹೀಟ್ ಟ್ರೀಟ್‌ಮೆಂಟಿಗೆಂದು ಒಂದು ಜಾಬ್ ವರ್ಕ್ ಘಟಕಕ್ಕೆ ಒಪ್ಪಿಸಿದ್ದೆವು. ಆರ್ಗಾನ್ ಅನಿಲದಲ್ಲಿ, 700 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಲವೇ ನಿಮಿಷ ಎಂದು ಆರ್ಡರಿನಲ್ಲಿ ಸ್ಪಷ್ಟವಾಗಿ ಬರೆದಿದ್ದರೂ, ಅವರು ಬೇರೊಬ್ಬರ ಉಕ್ಕಿನ ಬಿಡಿಭಾಗಗಳೊಂದಿಗೆ ಸೇರಿಸಿ 900 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಕಾಯಿಸಿದ್ದರೆಂಬುದು ನಂತರ ತಿಳಿಯಿತು. ಬಿಲ್ಲಿನ ಮೇಲೆ ‘ಓಕೆ’ ಮುದ್ರೆಯಂತೂ ಬಹಳ ಅಂದವಾಗಿ ಬಿದ್ದಿತ್ತು.

ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕಿಂತ ತುಸು ಮೇಲಿನ ಶಾಖದಲ್ಲಿ ಅಲ್ಪಕಾಲ ಇಟ್ಟರೆ, ಒಂದು ಅಥವಾ ಎರಡು ನಿಕಲ್ ಪರಮಾಣುಗಳಿಗೆ ಮೂರು ಅಲ್ಯೂಮಿನಿಯಂ ಪರಮಾಣುಗಳಿರುವ ಸಂಯುಕ್ತಗಳು ಮೂಡುತ್ತವೆ. ಅಮೆರಿಕದ ಮರ್ರೆ ರೇನಿ 1920ರ ದಶಕದಲ್ಲಿ ತೋರಿಸಿಕೊಟ್ಟ ವಿಧಾನದಂತೆ, ಇವುಗಳನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದಾಗ ಅಲ್ಯೂಮಿನಿಯಂ ಕರಗಿಹೋಗಿ ಸ್ಪಂಜಿನಂಥ ನಿಕಲ್ ಉಳಿಯುತ್ತದೆ. ನಮಗೆ ಬೇಕಾದದ್ದು ಅದೇ. ಆದರೆ ಮೊದಲ ಸಂಯುಕ್ತವು 854 ಡಿಗ್ರಿಯಾಚೆ ನಿಲ್ಲುವುದೇ ಇಲ್ಲ. ಮೇಲಾಗಿ ಸ್ಪ್ರೇ ಪದರ ತೆಳು, ಕೆಳಗಿನ ನಿಕಲ್ ಧಾರಾಳ. ಆದ್ದರಿಂದ ಹೆಚ್ಚು ಕಾಯಿಸಿದಷ್ಟೂ ಅಲ್ಯೂಮಿನಿಯಂ ಒಳಕ್ಕೆ ಹರಡಿ, ಎರಡೂ ಸಮಪಾಲಿರುವ ಗಟ್ಟಿ ಮಿಶ್ರಲೋಹವಾಗುತ್ತದೆ. 1638 ಡಿಗ್ರಿಯವರೆಗೆ ಕರಗದ ಈ ಲೋಹವು ಕಾಸ್ಟಿಕ್ ಸೋಡಾಕ್ಕೂ ಅಷ್ಟಾಗಿ ಜಗ್ಗುವುದಿಲ್ಲ.

ಕಾಸ್ಟಿಕ್ ಸೋಡಾದಲ್ಲಿ ಅದ್ದಿದಾಗ ನಮ್ಮ ತಗಡುಗಳಿಂದ ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಒಳಗೆ ಯಾವ ಸಂಯುಕ್ತವಿದೆಯೆಂದು ಗುರುತಿಸುವ ಎಕ್ಸ್-ರೇ ವಿವರ್ತನ ಪರೀಕ್ಷೆಯಲ್ಲಿ ಸಮಪಾಲಿನ ಮಿಶ್ರಲೋಹವೇ ಕಂಡಿತು. ಘಟಕದವರು ‘ಹಾರ್ಡ್‌ನೆಸ್ ಚೆನ್ನಾಗಿ ಬಂದಿದೆಯಲ್ಲ ಸಾರ್’ ಎಂದು ಸಮರ್ಥಿಸಿಕೊಂಡರು. ಯಂತ್ರದ ಗೇರಿಗೆ ಸಲ್ಲುವ ಪ್ರಶಂಸೆ ಎಲೆಕ್ಟ್ರೋಡಿಗೆ ಸಲ್ಲುವುದಿಲ್ಲ. ಒಮ್ಮೆ ಹೀಗಾದ ತಗಡನ್ನು ಮತ್ತೆ ಕಾಯಿಸಿ ಸರಿಪಡಿಸಲಾಗದು, ಅದು ಗುಜರಿಗೇ ಹೋಗಬೇಕು.

ಇಂಥ ಕೆಲಸ ಕೊಡುವವರು ಬೇರೆಯವರ ಸಾಮಾನಿನೊಡನೆ ಸೇರಿಸಿ ಕಾಯಿಸುವುದಕ್ಕೆ ಒಪ್ಪಬೇಡಿ. ತಗಡಿನ ಪಕ್ಕದಲ್ಲೇ ಥರ್ಮೋಕಪಲ್ (ಶಾಖ ಅಳೆಯುವ ಸಾಧನ) ಇಟ್ಟು ದಾಖಲಿಸಿದ ತಾಪಮಾನದ ಚಾರ್ಟನ್ನು ಕೇಳಿ ಪಡೆಯಿರಿ. ಮೊದಲು ಒಂದು ಸಣ್ಣ ತುಣುಕನ್ನಷ್ಟೇ ಕಾಯಿಸಿಸಿ, ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಾಸ್ಟಿಕ್ ಸೋಡಾದಲ್ಲೂ ಅದ್ದಿ ಪರೀಕ್ಷಿಸಿ. ಆಗ ಹೈಡ್ರೋಜನ್ ಹೊಮ್ಮುವುದರಿಂದ ಹತ್ತಿರ ಬೆಂಕಿಯ ಕಿಡಿಯೂ ಇರಬಾರದು; ಸ್ಪಂಜಾದ ನಿಕಲ್ ಒಣಗಿದರೆ ಗಾಳಿಗೇ ಹೊತ್ತಿಕೊಳ್ಳಬಹುದಾದ್ದರಿಂದ ಅದನ್ನು ನೀರಿನಲ್ಲೇ ಮುಳುಗಿಸಿಡಿ. ಉಳಿದ ತಗಡುಗಳನ್ನು ಈ ಪರೀಕ್ಷೆ ಮುಗಿದ ಮೇಲೆಯೇ ಕಳುಹಿಸಿ.