ಹಿಡಿಕೆಗೆ ಪೂರ್ತಿ ಮಾರ್ಕ್ಸ್, ಹೊಟ್ಟೆಪಟ್ಟಿಗೆ ಸೊನ್ನೆ

ನಾಯಿಯ ಹಿಂಗಾಲಿಗೆ ಆಸರೆ ಕೊಡುವ ಹಾರ್ನೆಸ್ (ಹೊಟ್ಟೆಗೆ ಪಟ್ಟಿ ಸುತ್ತಿ, ಹಿಡಿಕೆಯಿಂದ ಎತ್ತಿ ಹಿಡಿಯುವಂಥದ್ದು) ಬಗ್ಗೆ ಸಿಗುವ ವಿಮರ್ಶೆಗಳೆಲ್ಲ ಕೊಂಡ ಮೊದಲ ವಾರದಲ್ಲೇ ಬರೆದಂಥವು. "ಚೆನ್ನಾಗಿದೆ, ನಾಯಿಗೆ ಇಷ್ಟ ಆಯ್ತು" ಅಂತ ಐದು ಸ್ಟಾರ್ ಕೊಟ್ಟು ಮುಗಿಸಿರುತ್ತಾರೆ. ಒಂದು ಮಳೆಗಾಲ ಕಳೆದ ಮೇಲೆ ಅದರ ಗತಿ ಏನು ಅಂತ ಯಾರೂ ಹೇಳುವುದಿಲ್ಲ. ನಮ್ಮ ಸುಲ್ತಾನ ಇದನ್ನು ಹಾಕಿಕೊಂಡು ಎರಡನೇ ಮಳೆಗಾಲವನ್ನೂ ದಾಟಿದ್ದಾನೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಸುಲ್ತಾನ ಶೋ ಲೈನ್ ಜರ್ಮನ್ ಶೆಫರ್ಡ್, ಅಂದರೆ ನಾಯಿ ಪ್ರದರ್ಶನಕ್ಕೆಂದೇ ಬೆಳೆಸುವ ವಂಶದವನು. ಮರಿಯಿದ್ದಾಗಿನಿಂದ ರಿಂಗ್‌ಗೆ ತಯಾರಾದವನು. ಬೆಂಗಳೂರು, ಮೈಸೂರು ಶೋಗಳಲ್ಲಿ ಓಡಿ ಬಹುಮಾನ ತಂದವನು. ಒಂದು ದಿನ ಮೈದಾನದಲ್ಲಿ ಚೆಂಡಿನ ಹಿಂದೆ ಓಡುವಾಗ ಹಿಂದಿನ ಎರಡೂ ಕಾಲನ್ನು ಒಟ್ಟಿಗೆ ಎತ್ತಿ ಎತ್ತಿ ಹಾಕಲು ಶುರು ಮಾಡಿದ. ಆಮೇಲೆ ಮೆಟ್ಟಿಲ ಕೆಳಗೆ ನಿಂತು ಯೋಚನೆ ಮಾಡುವುದು ಬಂತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ನಿದ್ದೆ ಬರುವ ಇಂಜೆಕ್ಷನ್ ಕೊಟ್ಟು, ಅಂಗಾತ ಮಲಗಿಸಿ, ಎರಡೂ ಕಾಲು ನೀಟಾಗಿ ಎಳೆದು ಹಿಡಿದು ಎಕ್ಸ್‌ರೇ ತೆಗೆದರು. ಹಿಪ್ ಡಿಸ್‌ಪ್ಲೇಸಿಯಾ. ಎ ಇಂದ ಇ ವರೆಗಿನ ಎಫ್‌ಸಿಐ (ನಾಯಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ) ದರ್ಜೆಯಲ್ಲಿ ಡಿ. ಎ ಅಂದರೆ ಸರಿಯಾದ ಸೊಂಟ, ಇ ಅಂದರೆ ಪೂರ್ತಿ ಕೆಟ್ಟದ್ದು. ತೊಡೆಮೂಳೆಯ ಗುಂಡು ತನ್ನ ಗೂಡಿನಲ್ಲಿ ಗಟ್ಟಿಯಾಗಿ ಕೂರದೆ ಸಡಿಲವಾಗಿ ಆಡುತ್ತಾ ಆಡುತ್ತಾ ಮೂಳೆ ಸವೆಯುವ ತೊಂದರೆ ಇದು.

ರಿಂಗ್‌ನಲ್ಲಿ ಗೆದ್ದ ನಾಯಿಗೆ ಇದು ಹೇಗೆ ಬಂತು ಅಂತ ಎಲ್ಲರೂ ಕೇಳುತ್ತಾರೆ. ಜಡ್ಜ್ ನೋಡುವುದು ನಿಲುವನ್ನು, ಓಟವನ್ನು. ಅವರ ಕೈಯಲ್ಲಿ ಎಕ್ಸ್‌ರೇ ಇರುವುದಿಲ್ಲ. ಎಳೆ ವಯಸ್ಸಿನಲ್ಲಿ ತೊಡೆಯ ಸ್ನಾಯು ಗಟ್ಟಿಯಾಗಿದ್ದರೆ ಸಡಿಲ ಕೀಲನ್ನೂ ಅದು ಹಿಡಿದಿಟ್ಟುಕೊಂಡಿರುತ್ತೆ. ಹೊರಗಿನಿಂದ ಏನೂ ಗೊತ್ತಾಗಲ್ಲ.

ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಲಿಫ್ಟ್ ಇಲ್ಲ. ಮೆಟ್ಟಿಲಿಗೆ ಪಾಲಿಶ್ ಗ್ರಾನೈಟ್. ಮೂವತ್ತೆಂಟು ಕೆಜಿ ನಾಯಿಯನ್ನು ದಿನಾ ಎತ್ತಿಕೊಂಡು ಹತ್ತಿಳಿಯಲು ಆಗುತ್ತಾ? ಮೊದಮೊದಲು ಅಪ್ಪನ ಹಳೇ ಪಂಚೆಯನ್ನು ಮಡಚಿ ಹೊಟ್ಟೆಯ ಅಡಿಗೆ ಹಾಕಿ ಎತ್ತಿ ಹಿಡಿಯುತ್ತಿದ್ದೆವು. ಖರ್ಚಿಲ್ಲದ ಉಪಾಯ. ಆಪರೇಷನ್ ಆದ ನಾಯಿಗೆ ನಾಲ್ಕು ದಿನ ಆಸರೆ ಬೇಕು ಅನ್ನುವವರು ಬೇರೇನೂ ಕೊಳ್ಳುವುದೇ ಬೇಡ, ಅದೇ ಸಾಕು. ಆದರೆ ತಿಂಗಳುಗಟ್ಟಲೆ ಅಂದರೆ ನಮ್ಮ ಬೆನ್ನು ಬಿದ್ದುಹೋಗುತ್ತೆ. ಹಾಗಾಗಿ ಸುಮಾರು ಎರಡೂವರೆ ಸಾವಿರ ಕೊಟ್ಟು ಆನ್‌ಲೈನ್‌ನಲ್ಲಿ ಈ ಹಾರ್ನೆಸ್ ತರಿಸಿದೆ. ಇದೇ ಮಾದರಿಯನ್ನು ಹತ್ತಾರು ಹೆಸರಲ್ಲಿ ಮಾರುತ್ತಾರೆ, ನೋಡಲು ಎಲ್ಲ ಒಂದೇ ಥರ. ಬಣ್ಣ, ಅಳತೆ, ಬಟ್ಟೆ ಎಲ್ಲ ಮಾರುವ ಪುಟದಲ್ಲೇ ಇದೆ, ಅದನ್ನು ಇಲ್ಲಿ ಮತ್ತೆ ಬರೆಯಲ್ಲ.

ಬೆಳಿಗ್ಗೆ ಏಳುವಷ್ಟರಲ್ಲಿ ಸುಲ್ತಾನ ಹಾರ್ನೆಸ್ ನೇತುಹಾಕಿದ ಮೊಳೆಯ ಕೆಳಗೆ ಬಂದು ನಿಂತಿರುತ್ತಾನೆ. ಮೊದಲು ಬ್ರಷ್. ಸೊಂಟದ ಮೇಲೆ ಒತ್ತಡ ಹಾಕದೆ ನಿಧಾನವಾಗಿ. ಆಮೇಲೆ ಅಂಗೈಯಿಂದ ಎರಡೂ ತೊಡೆ ಸವರುತ್ತೇನೆ, ಬಿಸಿ ಇದೆಯಾ, ಬಿಗಿದಿದೆಯಾ ಅಂತ. ಆಮೇಲೆ ಬೆಲ್ಟ್. ಬಕಲ್‌ನ ಸದ್ದು ಕೇಳಿದ್ದೇ ತಡ, ತಲೆ ಎತ್ತಿ, ಒಂದು ಹಿಂಗಾಲು ಹಿಂದಕ್ಕೆ ಚಾಚಿ ಸ್ಟ್ಯಾಕ್ ಹೊಡೆದು, ಅಂದರೆ ಶೋ ಭಂಗಿಯಲ್ಲಿ, ನಿಂತುಬಿಡುತ್ತಾನೆ! ಯಾರೂ ಹೇಳಿಲ್ಲ. ಸೊಂಟದ ಸುತ್ತ ಕೈ ಆಡಿದರೆ ಅಲ್ಲಾಡದೆ ನಿಲ್ಲಬೇಕು ಅಂತ ರಿಂಗ್‌ನಲ್ಲಿ ಕಲಿತ ಪಾಠ ಅದು. ಸ್ವಲ್ಪ ಹೊತ್ತಿಗೆ ಚಾಚಿದ ಕಾಲಿನ ತೊಡೆ ಸಣ್ಣಗೆ ನಡುಗಲು ಶುರುವಾಗುತ್ತೆ. ನಾನು ಆ ಕಾಲನ್ನು ಕೈಯಿಂದ ಎತ್ತಿ ಮುಂದಕ್ಕೆ ತಂದು, ಹೊಟ್ಟೆಯ ಅಡಿಗೆ ನೇರವಾಗಿ ಊರಿಸುತ್ತೇನೆ. "ಸಾಕು ರಾಜಾ, ಚೆನ್ನಾಗಿ ನಿಂತೆ" ಅನ್ನುತ್ತೇನೆ. ಆಗ ಬಾಲ ಆಡಿಸುತ್ತಾನೆ.

ಶೋ ತರಬೇತಿಯಿಂದ ಏನು ಲಾಭ ಅಂತ ಕೇಳುವವರಿಗೆ ಇದನ್ನೇ ಹೇಳುತ್ತೇನೆ. ಗೊತ್ತಿಲ್ಲದ ಡಾಕ್ಟ್ರು ಬಾಯಿ ಬಿಡಿಸಿದರೂ, ಕಾಲು ಎಳೆದು ನೋಡಿದರೂ, ತೂಕದ ಮೆಷಿನ್ ಮೇಲೆ ನಿಲ್ಲಿಸಿದರೂ ನಮ್ಮವನು ಗುರ್ ಅನ್ನಲ್ಲ. ಕಾಯಿಲೆ ಬಿದ್ದ ನಾಯಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಈಗ ಹಿಡಿಕೆಯ ವಿಷಯ. ನಾಯಿಯನ್ನು ಎತ್ತಲು ಬೇಕು ಅಂತ ಇದನ್ನು ಕೊಂಡಿದ್ದು. ಕೆಲವೇ ವಾರದಲ್ಲಿ ಇದರಿಂದ ಇನ್ನೊಂದು ಉಪಯೋಗ ಸಿಕ್ಕಿತು, ಅದು ಯಾವ ಜಾಹೀರಾತಿನಲ್ಲೂ ಇಲ್ಲ. ಹಿಡಿಕೆ ಹಿಡಿದ ಕೈಗೆ ಅವನ ಹಿಂಭಾಗದ ಭಾರ ತಿಳಿಯುತ್ತೆ. ಒಳ್ಳೆಯ ದಿನ ಪಟ್ಟಿ ಕೈಯಲ್ಲಿ ಸಡಿಲವಾಗಿ ಇರುತ್ತೆ, ಅವನೇ ಹತ್ತಿಕೊಂಡು ಹೋಗುತ್ತಾನೆ. ನೋವಿರುವ ದಿನ ಮೂರನೇ ಮೆಟ್ಟಿಲಿಗೇ ಭಾರ ಕೈಗೆ ಬಂದುಬಿಡುತ್ತೆ. ಮುಖ ನೋಡಿದರೆ ಏನೂ ಗೊತ್ತಾಗಲ್ಲ. ಕಿವಿ ನೆಟ್ಟಗೆ, ಬಾಲ ಆಡುತ್ತಲೇ ಇರುತ್ತೆ. ಈ ಜಾತಿಯ ನಾಯಿಗಳು ನೋವನ್ನು ನುಂಗಿಕೊಳ್ಳುತ್ತವೆ, ಕುಂಟುವಷ್ಟರಲ್ಲಿ ತುಂಬಾ ತಡವಾಗಿರುತ್ತೆ. ಕೈಗೆ ಮಾತ್ರ ಮೊದಲೇ ಗೊತ್ತಾಗುತ್ತೆ.

ಅಮ್ಮ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುತ್ತಾರೆ. ಅದರ ಪಕ್ಕದಲ್ಲೇ ನಾನು 'ಹ' ಅಥವಾ 'ಭ' ಅಂತ ಬರೆಯಲು ಶುರು ಮಾಡಿದೆ. ಹಗುರ, ಭಾರ, ಅಷ್ಟೇ. ಎರಡು ತಿಂಗಳ ಹಾಳೆ ಹರಿದು ಡಾಕ್ಟ್ರಿಗೆ ತೋರಿಸಿದೆ. ಅವರು ಬೆರಳಿಟ್ಟು ನೋಡುತ್ತಾ ಹೋದರು. "ಸೋಮವಾರ ಎಲ್ಲ ಭಾರ ಇದೆಯಲ್ಲ, ಭಾನುವಾರ ಏನು ಮಾಡ್ತೀರಿ?" ಅಂದರು. ಭಾನುವಾರ ರಜೆ, ಸುಲ್ತಾನನಿಗೆ ಉದ್ದದ ವಾಕ್. ಅಂದಿನಿಂದ ಉದ್ದದ ವಾಕ್ ನಿಂತಿತು. ವಾರಪೂರ್ತಿ ಒಂದೇ ಅಳತೆ. ಚಿಕ್ಕ ಚಿಕ್ಕ ನಡಿಗೆ, ದಿನಕ್ಕೆ ಮೂರು ಸಲ, ಟಾರ್ ರಸ್ತೆ ಬಿಟ್ಟು ಮೈದಾನದ ಮಣ್ಣಿನ ಮೇಲೆ. ಸೋಮವಾರದ 'ಭ'ಗಳು ಕಡಿಮೆಯಾದವು. ಈಗ ಡಿಸೆಂಬರ್, ಜನವರಿ ಚಳಿಯಲ್ಲಿ ಮಾತ್ರ ಸಾಲಾಗಿ 'ಭ' ಬರುತ್ತೆ. ಆಗ ಡಾಕ್ಟ್ರು ಹೇಳಿದಷ್ಟು ದಿನ ನೋವು ತಗ್ಗಿಸುವ ಕಾರ್ಪ್ರೊಫೆನ್ ಮಾತ್ರೆ, ಊಟದ ಜೊತೆ. ಲಿವರ್, ಕಿಡ್ನಿಗೆ ಏನೂ ಆಗಿಲ್ಲ ಅಂತ ರಕ್ತ ಪರೀಕ್ಷೆ ಮಾಡಿಸಿಕೊಂಡೇ ಕೊಡುವುದು. ಒಂದು ಮಾತು, ದಯವಿಟ್ಟು ಗಮನಿಸಿ. ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಮನುಷ್ಯರ ನೋವಿನ ಮಾತ್ರೆಯನ್ನು ನಾಯಿಗೆ ಕೊಡಲೇಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಿ, ಕಿಡ್ನಿ ಕೆಟ್ಟು ಜೀವಕ್ಕೇ ಕುತ್ತು ಬರಬಹುದು.

ಇಷ್ಟೇ ಆಗಿದ್ದರೆ ನಾನೂ ಐದು ಸ್ಟಾರ್ ಕೊಡುತ್ತಿದ್ದೆ. ಆದರೆ ಹೊಟ್ಟೆಪಟ್ಟಿ ಇದೆಯಲ್ಲ, ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತೆ. ಇದನ್ನು ಹೊಲಿದವರು ಗಂಡು ನಾಯಿಯನ್ನು ನೋಡಿಯೇ ಇಲ್ಲ ಅನ್ನಿಸುತ್ತೆ. ಪಟ್ಟಿ ಸರಿಯಾಗಿ ಅವನು ಮೂತ್ರ ಮಾಡುವ ಜಾಗದ ಮೇಲೇ ಬಂದು ಕೂರುತ್ತೆ. ಕಾಲೆತ್ತಿದರೆ ಮೊದಲು ಒದ್ದೆಯಾಗುವುದು ಪ್ಯಾಡು. ಬೇಸಿಗೆಯಲ್ಲಿ ಹೇಗೋ ತೊಳೆದು ಒಣಗಿಸಿದೆವು. ಜೂನ್ ಬಂತು ನೋಡಿ, ಒಳಗಿನ ಸ್ಪಂಜು ಎರಡು ದಿನವಾದರೂ ಒಣಗಲ್ಲ. ಮನೆಯೆಲ್ಲ ವಾಸನೆ. ಒಂದು ಸಂಜೆ ಬಿಚ್ಚಿ ನೋಡಿದರೆ ತೊಡೆಸಂದಿಯ ಚರ್ಮ ಕೆಂಪಾಗಿ, ಕೂದಲು ಉದುರಿತ್ತು. ಸೊಂಟದ ನೋವಿಗೆ ಅಂತ ಕೊಂಡ ವಸ್ತು ಚರ್ಮದ ನೋವು ತಂದಿತು.

ವೆಲ್ಕ್ರೋ ಇನ್ನೊಂದು ತಲೆನೋವು. ಜರ್ಮನ್ ಶೆಫರ್ಡ್‌ಗೆ ಒಳಗೊಂದು ಪದರ ಮೆತ್ತನೆಯ ಕೂದಲು ಇರುತ್ತೆ, ವರ್ಷಪೂರ್ತಿ ಉದುರುತ್ತೆ. ಅದೆಲ್ಲ ವೆಲ್ಕ್ರೋಗೆ ಮೆತ್ತಿಕೊಂಡು ಹಿಡಿತವೇ ಹೋಯಿತು. ಸೂಜಿಯಿಂದ ಕೂದಲು ಕೀಳುತ್ತಾ ಕೂರುವುದೇ ರಾತ್ರಿಯ ಕೆಲಸ. ಮೆಟ್ಟಿಲ ನಡುವೆ ಅದು ಪರ್ರ್ ಅಂತ ಬಿಟ್ಟುಕೊಂಡಾಗ ಎದೆ ಝಲ್ ಅಂದಿತು. ಇನ್ನೊಂದು ಕೈಯಿಂದ ಬಾಲದ ಬುಡದ ಹತ್ತಿರ ಹಿಡಿದುಕೊಂಡೆ, ಅವನು ಬೀಳಲಿಲ್ಲ. ಮಾರಿದವರಿಗೆ ಫೋಟೋ ಸಮೇತ ಬರೆದೆ. ಒಂದು ಸೈಜು ದೊಡ್ಡದು ತಗೊಳ್ಳಿ ಅಂದರು. ದೊಡ್ಡದು ತರಿಸಿದರೆ ಅದು ಜಾರಿ ತೊಡೆಗೆ ಬಂತು. ಹಿಂತಿರುಗಿಸುವ ಅವಧಿ ಮುಗಿದಿದೆ ಅನ್ನುವುದು ಅವರ ಕೊನೆಯ ಉತ್ತರ. ಗ್ರಾಹಕರನ್ನು ನಡೆಸಿಕೊಳ್ಳುವ ರೀತಿ ಇದಲ್ಲ.

ಸರಿ ಮಾಡಿಕೊಟ್ಟವರು ಮಲ್ಲೇಶ್ವರದಲ್ಲಿ ಬ್ಯಾಗ್, ಜಿಪ್ ರಿಪೇರಿ ಮಾಡುವ ಒಬ್ಬರು. ಹಾರ್ನೆಸ್ ಕೈಗೆ ತಗೊಂಡು ಹಿಂದೆ ಮುಂದೆ ತಿರುಗಿಸಿದರು. ಪಕ್ಕದಲ್ಲಿ ನಿಂತಿದ್ದ ಸುಲ್ತಾನನನ್ನು ನೋಡಿದರು. "ಇದು ಹೆಣ್ಣು ನಾಯಿಗೆ ಹೊಲಿದಿರೋದು ಸಾರ್" ಅಂದರು. ಒಂದೇ ನೋಟಕ್ಕೆ! ಪ್ಯಾಡಿನ ನಡುಭಾಗವನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ, ಅಂಚಿಗೆ ಮೆತ್ತನೆಯ ಬಟ್ಟೆ ಮಡಚಿ ಹೊಲಿದರು. ಸ್ಪಂಜು ತೆಗೆದುಹಾಕಿದರು. ವೆಲ್ಕ್ರೋ ಕಿತ್ತು ಶಾಲೆ ಬ್ಯಾಗಿಗೆ ಹಾಕುವ ಪ್ಲಾಸ್ಟಿಕ್ ಬಕಲ್ ಎರಡು ಕೂರಿಸಿದರು. ಇನ್ನೂರೈವತ್ತು ರೂಪಾಯಿ. ಅಲ್ಲಿಂದೀಚೆಗೆ ಕೆಂಪು ಇಲ್ಲ, ವಾಸನೆ ಇಲ್ಲ, ರಾತ್ರಿ ತೊಳೆದು ಹಾಕಿದರೆ ಫ್ಯಾನಿನ ಗಾಳಿಗೆ ಬೆಳಿಗ್ಗೆಗೆ ಒಣಗಿರುತ್ತೆ. ಹಿಡಿಕೆಯ ಹೊಲಿಗೆ ಮಾತ್ರ ಕಂಪನಿಯದೇ. ಇವತ್ತಿನವರೆಗೂ ಒಂದು ನೂಲು ಬಿಟ್ಟಿಲ್ಲ, ಆ ಮಾತನ್ನೂ ಹೇಳಲೇಬೇಕು.

ಬಜೆಟ್ ಕಡಿಮೆ ಇರುವವರು ಯಾವುದಕ್ಕೆ ಮೊದಲು ಖರ್ಚು ಮಾಡಬೇಕು ಅಂತ ನನ್ನನ್ನು ಕೇಳಿದರೆ, ಹಾರ್ನೆಸ್‌ಗಿಂತ ಮೊದಲು ನೆಲ ಅನ್ನುತ್ತೇನೆ. ನಮ್ಮ ಮನೆಗಳ ವಿಟ್ರಿಫೈಡ್ ಟೈಲ್ಸ್ ಮೇಲೆ ಈ ನಾಯಿಗಳ ಹಿಂಗಾಲು ಎರಡು ಕಡೆಗೆ ಜಾರುತ್ತೆ, ಪ್ರತಿ ಜಾರಿಕೆಗೂ ಕೀಲಿಗೆ ಏಟು. ಹಾಸಿಗೆಯಿಂದ ನೀರಿನ ಬಟ್ಟಲಿನವರೆಗೆ, ಅಲ್ಲಿಂದ ಬಾಗಿಲವರೆಗೆ ರಬ್ಬರ್ ಬೆನ್ನಿನ ಮ್ಯಾಟ್ ಹಾಸಿ. ಪಾದದ ಮೆತ್ತೆಗಳ ನಡುವಿನ ಕೂದಲು ಟ್ರಿಮ್ ಮಾಡಿ, ಉಗುರು ಬೆಳೆಯಲು ಬಿಡಬೇಡಿ. ಕೀಲಿಗೆ ಒಳ್ಳೆಯದು ಅಂತ ಮಾರುವ ಗ್ಲೂಕೋಸಮೈನ್ ಡಬ್ಬಕ್ಕೆ ತಿಂಗಳು ತಿಂಗಳು ದುಡ್ಡು ಹಾಕುತ್ತಿದ್ದುದನ್ನು ನಾನು ನಿಲ್ಲಿಸಿದೆ. ಅದರಿಂದ ಲಾಭ ಇದೆ ಅನ್ನಲು ಗಟ್ಟಿ ಪುರಾವೆ ಇಲ್ಲ, ನನ್ನ ಕ್ಯಾಲೆಂಡರ್‌ನಲ್ಲೂ ವ್ಯತ್ಯಾಸ ಕಾಣಲಿಲ್ಲ. ಮೀನೆಣ್ಣೆ ಮಾತ್ರ ಡಾಕ್ಟ್ರು ಹೇಳಿದ ಅಳತೆಗೆ ಮುಂದುವರಿದಿದೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗ ಆಗಿದ್ದು ಪುಕ್ಕಟೆ ಔಷಧಿ: ತೂಕ ಇಳಿಸಿದ್ದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೂ ಗಮನಿಸಿ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅರ್ಧದಷ್ಟು ನಾಯಿಗಳಿಗೆ ಉಳಿದವಕ್ಕಿಂತ ಶೇ. 25ರಷ್ಟು ಕಡಿಮೆ ಊಟ. ಕಡಿಮೆ ತಿಂದ ಗುಂಪು ಹೆಚ್ಚುಕಡಿಮೆ 13 ವರ್ಷ ಬಾಳಿತು, ಇನ್ನೊಂದು 11.2 ವರ್ಷ. ಕೀಲುಸವೆತವೂ ತಡವಾಗಿ ಶುರುವಾಯಿತು. ಇದನ್ನು ಓದಿ ಹೇಳಿದ ಮೇಲೆ ಅಮ್ಮ ತುಪ್ಪದ ಚಪಾತಿ ಕೊಡುವುದನ್ನು ತಾವೇ ಬಿಟ್ಟರು. ಈಗ ಅವರೇ ತಕ್ಕಡಿಯಲ್ಲಿ ಅಳೆದು ಬಡಿಸುತ್ತಾರೆ. ಸುಲ್ತಾನ 33 ಕೆಜಿಗೆ ಬಂದಿದ್ದಾನೆ. ಕೈಯಾಡಿಸಿದರೆ ಪಕ್ಕೆಲುಬು ಸಿಗುತ್ತೆ. ಐದು ಕೆಜಿ ಇಳಿದದ್ದು ಹಿಡಿಕೆಯಲ್ಲೂ ಗೊತ್ತಾಗುತ್ತೆ.

ಮರಿ ಮಾಡಿಸಲು ಸುಲ್ತಾನನನ್ನು ಕೇಳಿಕೊಂಡು ಬರುವವರು ಈಗಲೂ ಇದ್ದಾರೆ. ಬಹುಮಾನದ ಫೋಟೋ ನೋಡಿ ಒಳ್ಳೇ ದುಡ್ಡು ಕೊಡುತ್ತೇವೆ ಅನ್ನುತ್ತಾರೆ. ನಾನು ಎಕ್ಸ್‌ರೇ ತೋರಿಸಿ ಕಳಿಸುತ್ತೇನೆ. ಈ ತೊಂದರೆ ವಂಶದಲ್ಲಿ ಹರಿಯುತ್ತೆ. ಜರ್ಮನಿಯಲ್ಲಿ ಈ ತಳಿಯ ಕ್ಲಬ್ಬು ಸೊಂಟದ ಎಕ್ಸ್‌ರೇ ಪಾಸಾಗದ ನಾಯಿಯಿಂದ ಮರಿ ಮಾಡಿಸಲು ಒಪ್ಪುವುದಿಲ್ಲ. ಇಲ್ಲೂ ಮರಿ ಕೊಳ್ಳುವವರು ಕಪ್‌ಗಳ ಬದಲು ತಾಯಿ, ತಂದೆ ಎರಡರ ಸೊಂಟದ ದರ್ಜೆ ಕೇಳಬೇಕು. ತೋರಿಸದಿದ್ದರೆ ಎದ್ದು ಬನ್ನಿ.

ಹಾರ್ನೆಸ್‌ಗೆ ನನ್ನ ಲೆಕ್ಕದಲ್ಲಿ ಮೂರೂವರೆ ಸ್ಟಾರ್. ಹೆಣ್ಣು ನಾಯಿ ಇರುವವರು, ಮೆಟ್ಟಿಲ ಮನೆಯವರು ಧೈರ್ಯವಾಗಿ ತಗೊಳ್ಳಿ. ನೆಲಮಹಡಿಯಲ್ಲಿದ್ದು ನಾಯಿ ತಾನೇ ಎದ್ದು ಓಡಾಡುತ್ತಿದ್ದರೆ ಸದ್ಯಕ್ಕೆ ಬೇಡ, ಆ ದುಡ್ಡಿಗೆ ಮ್ಯಾಟ್ ಹಾಸಿ. ಗಂಡು ನಾಯಿಯವರು ಹೊಟ್ಟೆಪಟ್ಟಿ ನಡುವೆ ತೆರೆದಿದೆಯಾ, ಬಕಲ್ ಇದೆಯಾ ವೆಲ್ಕ್ರೋನಾ ಅಂತ ಆರ್ಡರ್ ಮಾಡುವ ಮುಂಚೆ ಬರೆದು ಕೇಳಿ. ಪಟ್ಟಿಯ ಒಳಭಾಗದ ಫೋಟೋ ಕಳಿಸಿ ಅನ್ನಿ. ಫೋಟೋ ಬರಲಿಲ್ಲ ಅಂದರೆ ಬೇರೆಯವರ ಹತ್ತಿರ ಕೊಳ್ಳಿ, ಇಲ್ಲವೇ ರಿಪೇರಿಗೆ ಅಂತ ಇನ್ನೊಂದು ಮುನ್ನೂರು ರೂಪಾಯಿ ಮೊದಲೇ ತೆಗೆದಿಡಿ.